ಇಡ್ಲಿ ಪಾತ್ರೆಯಲ್ಲಿ ಮೊಟ್ಟೆ: ನುಣ್ಣಗೆ ಸುಲಿಯಲು ನಾನು ಮಾಡುವ ಕ್ರಮ

ಬೆಂದ ಮೊಟ್ಟೆಯ ಸಿಪ್ಪೆ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನೋದು ಒಲೆ ಹಚ್ಚುವ ಹೊತ್ತಿಗೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ಮೊಟ್ಟೆಗೆ ಮೊದಲ ಬಿಸಿ ಹೇಗೆ ತಗಲಿತು ಅನ್ನೋದೇ ಮುಖ್ಯ. ತಣ್ಣೀರಲ್ಲಿ ಮುಳುಗಿಸಿ ನಿಧಾನಕ್ಕೆ ಕಾಯಿಸಿದರೆ ಬಿಳಿ ಭಾಗ ಒಳಗಿನ ಪೊರೆಗೆ ಕಚ್ಚಿಕೊಳ್ಳುತ್ತದೆ. ಜೋರಾದ ಹಬೆಗೋ ಕುದಿಯುವ ನೀರಿಗೋ ನೇರವಾಗಿ ಹಾಕಿದರೆ ಪೊರೆ ಬಿಟ್ಟು ಬರುತ್ತದೆ. ನಮ್ಮ ಕನ್ನಡದ ಮನೆಗಳಲ್ಲಿ ಹಬೆಗೆ ಬೇರೆ ಸಾಮಾನೇ ಬೇಡ. ಇಡ್ಲಿ ಪಾತ್ರೆ ಇದ್ದೇ ಇರುತ್ತದೆ.

ನಾನು ಪುಣೆಯ ವಾಕಡ್‌ನಲ್ಲಿ ಊಟದ ಡಬ್ಬಿ ಮಾಡಿ ಕೊಡುತ್ತೇನೆ. ನಮ್ಮೂರು ಕುಂದಾಪುರದ ಕಡೆ. ಡಬ್ಬಿ ತಗೊಳ್ಳುವವರಲ್ಲಿ ಜಾಸ್ತಿ ಜನ ಹಿಂಜವಡಿಯ ಕಂಪನಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು. ಹುಬ್ಬಳ್ಳಿ, ವಿಜಯಪುರದವರು ‘ಅಕ್ಕಾರ’ ಅನ್ನುತ್ತಾರೆ, ಉಡುಪಿ ಕಡೆಯವರು ‘ಅಕ್ಕ’ ಅನ್ನುತ್ತಾರೆ. ಬುಧವಾರ, ಭಾನುವಾರ ಡಬ್ಬಿಯಲ್ಲಿ ಮೊಟ್ಟೆ ಸಾರು ಇರುತ್ತದೆ. ಮುಚ್ಚಳ ತೆಗೆದಾಗ ಮಸಾಲೆಯಲ್ಲಿ ಮೊಟ್ಟೆ ಇಡಿಯಾಗಿ ಕೂತಿರಬೇಕು, ಮೈ ನುಣುಪಾಗಿರಬೇಕು. ಹರಿದು ಗುಳಿ ಬಿದ್ದ ಮೊಟ್ಟೆಯ ರುಚಿ ಏನೂ ಕೆಡೋದಿಲ್ಲ, ನಿಜ. ಆದರೆ ಮನೆ ಬಿಟ್ಟು ಬಂದು ದುಡಿಯುವವರ ತಟ್ಟೆಗೆ ಅವಸರದಲ್ಲಿ ಮಾಡಿದಂಥ ಊಟ ಹೋಗಬಾರದು ಅನ್ನೋದು ನನ್ನ ಹಟ.

ಈ ಮಕ್ಕಳೇ ಪದೇ ಪದೇ ಕೇಳುತ್ತಾರೆ. ‘ಅಕ್ಕಾರ, ನಾವು ರೂಮಿನ್ಯಾಗ ತತ್ತಿ ಕುದಿಸಿದ್ರ ಅರ್ಧ ಸಿಪ್ಪಿ ಜೋಡಿನ ಹೋಗ್ತದ್ರೀ, ನಿಮ್ಮದು ಹೆಂಗ ಇಷ್ಟು ಚಂದ ಬರ್ತದ?’ ಅಂತ. ಫೋನಲ್ಲಿ ಎರಡು ಮಾತಲ್ಲಿ ಹೇಳಿದರೆ ಕಾರಣ ಬಿಟ್ಟುಹೋಗುತ್ತದೆ. ಕಾರಣ ಗೊತ್ತಿದ್ದರೆ ಪಾತ್ರೆ ಬದಲಾದರೂ, ಊರು ಬದಲಾದರೂ ನೀವೇ ಸರಿಮಾಡಿಕೊಳ್ಳಬಹುದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಮೊಟ್ಟೆಯ ವಯಸ್ಸು

ಸಾರಿಗೆ ಮೀನು ತರುವಾಗ ತಾಜಾ ಹುಡುಕುತ್ತೇವೆ. ಬೇಯಿಸಿ ಸುಲಿಯುವ ಮೊಟ್ಟೆಗೆ ಮಾತ್ರ ಸ್ವಲ್ಪ ದಿನ ಆಗಿರಬೇಕು. ಆಗಷ್ಟೇ ಇಟ್ಟ ಮೊಟ್ಟೆಯ ಬಿಳಿ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಸಿಪ್ಪೆ ನೋಡಲು ಗಟ್ಟಿ, ಆದರೆ ಅದರ ತುಂಬ ಕಣ್ಣಿಗೆ ಕಾಣದ ಸಾವಿರಾರು ತೂತುಗಳು. ಅವುಗಳ ಮೂಲಕ ಆ ಗಾಳಿ ದಿನದಿನಕ್ಕೆ ಹೊರಗೆ ಹೋಗುತ್ತದೆ. ಆಗ ಬಿಳಿ ಭಾಗದ ಪಿಎಚ್ ಸುಮಾರು 7.6ರಿಂದ 9ರ ಆಚೆಗೆ ಏರುತ್ತದೆ, ಅಂದರೆ ಹೆಚ್ಚು ಕ್ಷಾರ ಆಗುತ್ತದೆ. ಕ್ಷಾರ ಹೆಚ್ಚಿದಷ್ಟೂ ಬೆಂದಾಗ ಪೊರೆಗೆ ಅಂಟೋದು ಕಮ್ಮಿ. ಜೊತೆಗೆ ಒಳಗಿನ ನೀರಿನಂಶವೂ ಸ್ವಲ್ಪ ಆರಿ, ದಪ್ಪ ತುದಿಯಲ್ಲಿರುವ ಗಾಳಿ ಚೀಲ ದೊಡ್ಡದಾಗುತ್ತದೆ. ಸುಲಿಯಲು ಶುರುಮಾಡೋದು ಆ ಜಾಗದಿಂದಲೇ. ಹಾಗಾಗಿ ಅದು ದೊಡ್ಡದಿದ್ದಷ್ಟೂ ನಮಗೆ ಅನುಕೂಲ.

ಊರಿಂದ ಬರುವಾಗ ಅಮ್ಮ ಹೊಟ್ಟಿನಲ್ಲಿ ಹುಗಿದು ಕೊಡುವ ನಾಟಿ ಕೋಳಿ ಮೊಟ್ಟೆ, ಇಲ್ಲಿ ‘ಗಾವ್ರಾನ್’ ಅಂತ ಮಾರುವ ಮೊಟ್ಟೆ, ಇವು ತಾಜಾ ಇದ್ದರೆ ಸುಲಿಯಲು ಕಷ್ಟ ಕೊಡುತ್ತವೆ. ಅದಕ್ಕೆ ತಾಜಾತನ ಕಾರಣ, ಸಿಪ್ಪೆಯ ಬಣ್ಣ ಕಾರಣ ಅಲ್ಲ. ಕಂದು ಸಿಪ್ಪೆ, ಬಿಳಿ ಸಿಪ್ಪೆ ಅನ್ನೋದು ಕೋಳಿಯ ತಳಿಯಿಂದ ಬರುವ ವ್ಯತ್ಯಾಸ. ಕಂದು ಇದ್ದ ಮಾತ್ರಕ್ಕೆ ನಾಟಿ ಅಂತಲೂ ಅಲ್ಲ, ಫಾರ್ಮಿನಲ್ಲೂ ಕಂದು ಮೊಟ್ಟೆ ಇಡುವ ಕೋಳಿಗಳಿವೆ. ನಾಟಿ ಮೊಟ್ಟೆ ಸಿಕ್ಕಿದ ದಿನವೇ ಆಮ್ಲೆಟ್ ಮಾಡಿ ತಿನ್ನಿ. ತಾಜಾ ಮೊಟ್ಟೆಯ ಹಳದಿ ಎದ್ದು ನಿಂತಿರುತ್ತದೆ, ಆ ಚಂದ ಬಾಣಲೆಯಲ್ಲೇ ಕಾಣಬೇಕು. ಬೇಯಿಸಲೇಬೇಕು ಅಂದರೆ ಫ್ರಿಜ್ಜಿನಲ್ಲಿ ಒಂದು ವಾರ ಇಟ್ಟು ಬೇಯಿಸಿ.

ಅಂಗಡಿಯಿಂದ ತಂದದ್ದಕ್ಕೆ ಎಷ್ಟು ದಿನ ಆಗಿದೆ ಅಂತ ತಿಳಿಯೋಕೆ ನೀರಿನ ಪರೀಕ್ಷೆ ಸಾಕು. ಆಳವಾದ ಪಾತ್ರೆಯ ತಣ್ಣೀರಿಗೆ ಬಿಡಿ. ತಳದಲ್ಲಿ ಅಡ್ಡ ಮಲಗಿದರೆ ಹೊಸದು. ದಪ್ಪ ತುದಿ ಮೇಲೆ ಮಾಡಿ ಓರೆಯಾಗಿ ಎದ್ದರೆ ಅಥವಾ ತಳದಲ್ಲೇ ನಿಂತರೆ ಕೆಲವು ದಿನ ಆಗಿದೆ, ನಮಗೆ ಬೇಕಾದ್ದು ಇದೇ. ಮೇಲೆ ತೇಲಿದರೆ ಬೇಯಿಸಬೇಡಿ. ತೇಲಿದ್ದೆಲ್ಲ ಕೆಟ್ಟಿದೆ ಅಂತಲ್ಲ, ತುಂಬ ಹಳೆಯದು ಅಂತ ಅರ್ಥ. ಬೇರೆ ಬಟ್ಟಲಿಗೆ ಒಡೆದು ಮೂಸಿ ನೋಡಿ. ಕೆಟ್ಟಿದ್ದರೆ ಮೂಗಿಗೆ ತಕ್ಷಣ ಗೊತ್ತಾಗುತ್ತದೆ.

ಪುಣೆಯ ಏಪ್ರಿಲ್-ಮೇ ಬಿಸಿಲಲ್ಲಿ ಕಿರಾಣಿ ಅಂಗಡಿಯ ಹೊರಗೆ ಟ್ರೇಗಳನ್ನು ಪೇರಿಸಿ ಇಟ್ಟಿರುತ್ತಾರೆ. ಹೊರಗಿನ ಬಿಸಿಯಲ್ಲಿ ಒಂದು ದಿನ ಕಳೆದರೆ ಫ್ರಿಜ್ಜಿನಲ್ಲಿ ಒಂದು ವಾರ ಕಳೆದಷ್ಟು ಮೊಟ್ಟೆ ಹಳೆಯದಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಂದ ಮೊಟ್ಟೆಗೆ ದಿನ ಕಾಯುವ ಕೆಲಸ ಇಲ್ಲ, ತಂದ ದಿನವೇ ಬೇಯಿಸಬಹುದು. ಡಿಸೆಂಬರ್ ಚಳಿಯಲ್ಲಿ ಬಂದ ಮೊಟ್ಟೆ ಎರಡು ಮೂರು ದಿನ ಇರಲಿ. ಶ್ರಾವಣ ಬಂತೆಂದರೆ ಇಲ್ಲಿನ ಮರಾಠಿ ಮನೆಗಳಲ್ಲಿ ಮೀನು, ಮಾಂಸ, ಮೊಟ್ಟೆ ಬಿಡುವವರು ಬಹಳ. ಮಾರಾಟ ಇಳಿದು ರೇಟೂ ಇಳಿಯುತ್ತದೆ. ನಮ್ಮ ಅಂಗಡಿಯವರು ಬೆಲೆ ಹೇಳುವಾಗ ಎನ್‌ಇಸಿಸಿ ರೇಟು ಇಷ್ಟು ಅಂತ ಫೋನ್ ತೋರಿಸುತ್ತಾರೆ. ಮೊಟ್ಟೆಗಾಗಿ ಕೋಳಿ ಸಾಕುವವರ ಆ ಒಕ್ಕೂಟ 1982ರಲ್ಲಿ ಶುರುವಾದದ್ದು, ಅದರ ಮುಖ್ಯ ಕಚೇರಿ ಇದೇ ಪುಣೆಯಲ್ಲಿದೆ. ಊರೂರಿಗೆ ದಿನದ ಬೆಲೆ ಪ್ರಕಟಿಸುವುದು ಅವರೇ. ಶ್ರಾವಣದಲ್ಲಿ ಅಗ್ಗ ಅಂತ ಇಡೀ ಟ್ರೇ ತಂದರೆ ನೀರಿನ ಪರೀಕ್ಷೆ ತಪ್ಪಿಸಬೇಡಿ. ಬೇಡಿಕೆ ಇಲ್ಲದಾಗ ಟ್ರೇಗಳು ಅಂಗಡಿಯಲ್ಲಿ ಜಾಸ್ತಿ ದಿನ ಕೂತಿರುತ್ತವೆ.

ಕೊಳ್ಳುವಾಗ ಇನ್ನೊಂದು ಕೆಲಸ ಮಾಡಿ. ಎರಡು ಮೊಟ್ಟೆ ಕೈಯಲ್ಲಿ ಹಿಡಿದು ಮೆಲ್ಲಗೆ ಒಂದಕ್ಕೊಂದು ತಾಗಿಸಿ. ಗಟ್ಟಿ ಮೊಟ್ಟೆ ‘ಟಣ್’ ಅನ್ನುತ್ತದೆ. ಸೀಳು ಬಿಟ್ಟದ್ದು ‘ಟಪ್’ ಅಂತ ಬೊಡ್ಡು ಸದ್ದು ಮಾಡುತ್ತದೆ. ಕಣ್ಣಿಗೆ ಕಾಣದ ಕೂದಲೆಳೆ ಸೀಳು ಕಿವಿಗೆ ಸಿಗುತ್ತದೆ. ಹೆಂಗಸರು ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುವ ಹಾಗೆಯೇ ಇದು. ಸೀಳು ಬಿಟ್ಟದ್ದನ್ನು ಬೇಯಿಸುವ ಗುಂಪಿಗೆ ಸೇರಿಸಬೇಡಿ.

ಮನೆಗೆ ತಂದ ಮೊಟ್ಟೆಯನ್ನು ತೊಳೆದು ಇಡುವ ಅಭ್ಯಾಸ ಕೆಲವರಿಗಿದೆ. ಬೇಡ. ಸಿಪ್ಪೆಯ ಮೇಲೆ ತೆಳ್ಳನೆ ರಕ್ಷಣೆಯ ಪದರ ಇರುತ್ತದೆ, ತೊಳೆದರೆ ಅದು ಹೋಗುತ್ತದೆ. ಬೇಯಿಸುವ ಮುಂಚೆ ತೊಳೆಯಿರಿ, ಸಾಕು.

ಹಬೆಯಲ್ಲಿ ಬೇಯಿಸುವುದು

ಇಡ್ಲಿ ಪಾತ್ರೆಗೆ ಎರಡು ಲೋಟ ನೀರು ಹಾಕಿ. ತಟ್ಟೆಗೆ ನೀರು ತಾಗಬಾರದು. ಪಾತ್ರೆ ಅಲ್ಯೂಮಿನಿಯಂದು ಆದರೆ ನೀರಿಗೆ ಒಂದು ಚೂರು ಹುಣಿಸೆಹಣ್ಣು ಅಥವಾ ಹಿಂಡಿದ ನಿಂಬೆ ಹೋಳು ಹಾಕಿ. ಒಳಗೆ ಕಪ್ಪು ಹಿಡಿಯೋದಿಲ್ಲ. ಮುಚ್ಚಳ ಮುಚ್ಚಿ ಜೋರು ಉರಿಯಲ್ಲಿಡಿ.

ಆ ಹೊತ್ತಿಗೆ ಮೊಟ್ಟೆಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿ. ಗುಳಿಯಲ್ಲಿ ಮೊಟ್ಟೆ ಉರುಳದೆ ಕೂರುತ್ತದೆ, ಅದೇ ಇದರ ಸೊಗಸು. ಆದರೆ ಇಡ್ಲಿ ಇಟ್ಟ ಹಾಗೆ ಎಲ್ಲ ತಟ್ಟೆ ಒತ್ತೊತ್ತಾಗಿ ಪೇರಿಸೋಕೆ ಆಗೋದಿಲ್ಲ, ಮೊಟ್ಟೆ ಎತ್ತರ. ನಡುವೆ ಒಂದು ತಟ್ಟೆ ಬಿಟ್ಟು ಜೋಡಿಸಿ. ಮೇಲಿನ ತಟ್ಟೆಯ ಭಾರ ಕೆಳಗಿನ ಮೊಟ್ಟೆಯ ಮೇಲೆ ಬಿದ್ದರೆ ಸಿಪ್ಪೆ ಬಿರಿಯುತ್ತದೆ.

ಈಗ ಮುಖ್ಯವಾದ ಮಾತು. ನೀರು ಬಿಸಿಯಾದರೆ ಸಾಲದು, ಮುಚ್ಚಳದ ಸಂದಿನಿಂದ ಹಬೆ ನುಗ್ಗಿ ಬರುತ್ತಿರಬೇಕು. ಆಗ ಉರಿ ಸಣ್ಣ ಮಾಡಿ, ಮುಚ್ಚಳವನ್ನು ನಿಮ್ಮ ಕಡೆಗಲ್ಲ ಆಚೆ ಕಡೆಗೆ ತೆರೆಯಿರಿ. ಹಬೆ ಮುಖಕ್ಕೆ ಹೊಡೆಯಬಾರದು. ಮಸಿಬಟ್ಟೆ ಹಿಡಿದು ಮೊಟ್ಟೆ ತಟ್ಟೆಗಳ ಸ್ಟ್ಯಾಂಡನ್ನು ಪಾತ್ರೆಯೊಳಗೆ ಇಳಿಸಿ, ಮುಚ್ಚಿ, ಉರಿ ಮತ್ತೆ ಏರಿಸಿ. ಹಬೆ ಮತ್ತೆ ಕಾಣಿಸಿದ ಕ್ಷಣದಿಂದ ಗಡಿಯಾರ ನೋಡಿ.

ಪೇಟೆಯಲ್ಲಿ ಸಿಗುವ ಸಾಧಾರಣ ಮೊಟ್ಟೆ 50ರಿಂದ 55 ಗ್ರಾಂ ತೂಗುತ್ತದೆ. ಅದಕ್ಕೆ ಪುಣೆಯಲ್ಲಿ ನನ್ನ ಲೆಕ್ಕ ಹೀಗೆ. ಹಳದಿ ಪೂರ್ತಿ ಗಟ್ಟಿಯಾಗಬೇಕಾದರೆ, ಫ್ರಿಜ್ಜಿನಿಂದ ತೆಗೆದದ್ದಕ್ಕೆ 12 ನಿಮಿಷ, ಹೊರಗಿದ್ದದ್ದಕ್ಕೆ 11. ಹಳದಿ ನಡುವೆ ಸ್ವಲ್ಪ ಮೆದುವಾಗಿ, ಜಾಮಿನ ಹಾಗೆ ಇರಬೇಕಾದರೆ 9. ಹಳದಿ ಹರಿಯುತ್ತಿರಬೇಕಾದರೆ 7. ಸಾರಿಗೆ ಹಾಕುವುದಾದರೆ 10 ನಿಮಿಷಕ್ಕೆ ಇಳಿಸುತ್ತೇನೆ, ಉಳಿದದ್ದು ಮಸಾಲೆಯ ಬಿಸಿಯಲ್ಲೇ ಬೇಯುತ್ತದೆ. ಆದರೆ ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ ಹಳದಿ ಗಟ್ಟಿಯಾಗುವ ತನಕ ಬೇಯಿಸಿಯೇ ಕೊಡಿ. ಸಾಲ್ಮೊನೆಲ್ಲಾ ಅನ್ನುವ ರೋಗಾಣು ಮೊಟ್ಟೆಯಲ್ಲಿ ಇರಬಹುದು, ಚೆನ್ನಾಗಿ ಬೆಂದರೆ ಅದು ಸಾಯುತ್ತದೆ.

ಊರಿನ ಎತ್ತರವೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಮುಂಬೈ ಸಮುದ್ರದ ದಂಡೆಯಲ್ಲಿದೆ, ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಪುಣೆ ಸುಮಾರು 560 ಮೀಟರ್ ಮೇಲಿದೆ, ಇಲ್ಲಿ 98ಕ್ಕೇ ಕುದಿ ಬರುತ್ತದೆ. ಹಬೆಯ ಬಿಸಿಯೂ ಅಷ್ಟೇ. ನನ್ನ ತಂಗಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದಾಳೆ, ಅವಳಿಗೆ ಅರ್ಧ ನಿಮಿಷ ಕಮ್ಮಿ ಹೇಳಿದ್ದೇನೆ. ನೀವು ಪುಣೆಗಿಂತ ಎತ್ತರದ ಮಹಾಬಳೇಶ್ವರಕ್ಕೆ ಹೋಗಿ ಅಲ್ಲಿ ಬೇಯಿಸಿದರೆ ಒಂದೂವರೆ ನಿಮಿಷದಷ್ಟು ಸೇರಿಸಿಕೊಳ್ಳಿ.

ಬಿಸಿ ಆರಂಭ ಯಾಕೆ ಕೆಲಸ ಮಾಡುತ್ತದೆ ಅಂದರೆ, ಬಿಳಿ ಭಾಗ ಸುಮಾರು 62 ಡಿಗ್ರಿಯಿಂದ ಗಟ್ಟಿಯಾಗಲು ಶುರು. ನಿಧಾನಕ್ಕೆ ಕಾದರೆ ಅದರ ಪ್ರೋಟೀನಿಗೆ ಪೊರೆಯ ಜೊತೆ ಬೆಸೆದುಕೊಳ್ಳಲು ಸಮಯ ಸಿಗುತ್ತದೆ. ಒಮ್ಮೆಲೇ ಬಿಸಿ ತಗಲಿದರೆ ಹೊರಗಿನ ಪದರ ತಟ್ಟನೆ ತನ್ನೊಳಗೇ ಗಟ್ಟಿಯಾಗಿ ಪೊರೆಯಿಂದ ಸರಿದುಕೊಳ್ಳುತ್ತದೆ. ಬಹಳ ಜನ ‘ಬೆಂದ ಮೇಲೆ ತಣ್ಣೀರಿಗೆ ಹಾಕು, ಸಿಪ್ಪೆ ಬಿಡುತ್ತದೆ’ ಅನ್ನುತ್ತಾರೆ. ತಣ್ಣೀರು ಬೇಕೇ ಬೇಕು, ಅದಕ್ಕೆ ಬೇರೆ ಕಾರಣಗಳಿವೆ. ಆದರೆ ತಣ್ಣೀರಿನಿಂದ ಬೇಯಿಸಲು ಶುರುಮಾಡಿ ಅಂಟಿಕೊಂಡ ಮೊಟ್ಟೆಯನ್ನು ಐಸು ಬಿಡಿಸಿ ಕೊಡೋದಿಲ್ಲ.

ಹಾಗಾದರೆ ಕುದಿಯುವ ನೀರಲ್ಲಿ ಬೇಯಿಸಬಾರದಾ? ಖಂಡಿತ ಬೇಯಿಸಬಹುದು. ನೀರು ಚೆನ್ನಾಗಿ ಕುದಿ ಬಂದ ಮೇಲೆ ಸೌಟಲ್ಲಿ ಒಂದೊಂದೇ ಮೊಟ್ಟೆ ಮೆಲ್ಲಗೆ ಇಳಿಸಿ, ಉರಿ ಸ್ವಲ್ಪ ತಗ್ಗಿಸಿ, 11 ನಿಮಿಷ. ನಾಲ್ಕು ಮೊಟ್ಟೆಗೆ ಇದು ಚೆನ್ನ. ಡಜನ್ ಮೊಟ್ಟೆ ಒಟ್ಟಿಗೆ ಹಾಕಿದರೆ ನೀರಿನ ಕುದಿ ನಿಂತುಹೋಗುತ್ತದೆ, ಮತ್ತೆ ಕುದಿ ಬರುವ ತನಕ ಅದು ನಿಧಾನದ ಬಿಸಿಯೇ ಆಯ್ತಲ್ವಾ? ಮೇಲಾಗಿ ಕುದಿಯಲ್ಲಿ ಒಂದಕ್ಕೊಂದು ಬಡಿದು ಒಡೆಯುತ್ತವೆ. ಹಬೆಯಲ್ಲಿ ಅಲುಗಾಟವೇ ಇಲ್ಲ. ಎರಡು ಲೋಟ ನೀರು ಕಾಯಿಸಲು ಗ್ಯಾಸೂ ಕಮ್ಮಿ ಸಾಕು. ಡಬ್ಬಿ ಮಾಡುವ ನನ್ನಂಥವರಿಗೆ ಇದು ಸಣ್ಣ ಉಳಿತಾಯ ಅಲ್ಲ.

ನೀರಿಗೆ ಉಪ್ಪು, ವಿನೆಗರ್ ಹಾಕುವವರಿದ್ದಾರೆ. ಸೀಳು ಬಿಟ್ಟ ಮೊಟ್ಟೆಯಿಂದ ಬಿಳಿ ಸೋರಿದರೆ ಅವು ಬೇಗ ಹೆಪ್ಪುಗಟ್ಟಿಸಿ ತಡೆಯುತ್ತವೆ, ಅಷ್ಟೇ. ಸುಲಿಯಲು ಅವುಗಳಿಂದ ಹೇಳಿಕೊಳ್ಳುವಂಥ ಉಪಕಾರ ಇಲ್ಲ. ಅಡುಗೆ ಸೋಡಾ ಕ್ಷಾರ, ಹಾಗಾಗಿ ಸ್ವಲ್ಪ ಸಹಾಯ ಆಗಬಹುದು. ಆದರೆ ಬಿಸಿ ಆರಂಭ ಸರಿಯಾಗಿದ್ದರೆ ಅದರ ಅಗತ್ಯ ಬೀಳೋದಿಲ್ಲ.

ರೂಮಿನಲ್ಲಿ, ಪೀಜಿಯಲ್ಲಿ ಇರುವವರಿಗೆ

ಇಡ್ಲಿ ಪಾತ್ರೆ ಇಲ್ಲದಿದ್ದರೆ ಮುಚ್ಚಳ ಇರುವ ಯಾವ ಪಾತ್ರೆಯಾದರೂ ನಡೆಯುತ್ತದೆ. ಬೆರಳಿನ ಒಂದು ಗೆಣ್ಣಿನಷ್ಟು ನೀರು ಹಾಕಿ ಕುದಿಸಿ. ಒಳಗೆ ಒಂದು ಸ್ಟೀಲಿನ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಮೊಟ್ಟೆ ಇಡಿ. ಸ್ಟ್ಯಾಂಡೂ ಇಲ್ಲವಾ? ಆ ನೀರಿಗೇ ನೇರ ಇಟ್ಟು ಮುಚ್ಚಿ. ಕೆಳಗಿನ ಅರ್ಧ ನೀರಲ್ಲಿ, ಮೇಲಿನ ಅರ್ಧ ಹಬೆಯಲ್ಲಿ ಬೇಯುತ್ತದೆ. ಸಮಯ ಅದೇ. ಇಂಡಕ್ಷನ್ ಒಲೆಯಲ್ಲೂ ಇದು ಸಲೀಸಾಗಿ ಆಗುತ್ತದೆ.

ಪ್ರೆಶರ್ ಕುಕ್ಕರ್ ಇದ್ದರೆ ವೇಟ್ ತೆಗೆದಿಟ್ಟು ಬರೀ ಹಬೆ ಪಾತ್ರೆಯ ಹಾಗೆ ಬಳಸಿ. ಅನ್ನ ಬೇಳೆಯ ಜೊತೆ ಮೊಟ್ಟೆಯನ್ನೂ ತೂರಿಸಿ ಮೂರು ಸೀಟಿ ಹೊಡೆಸೋದು ನನಗೆ ಸರಿಬರೋದಿಲ್ಲ. ಒತ್ತಡದಲ್ಲಿ ಬಿಸಿ 100 ದಾಟುತ್ತದೆ, ಬಿಳಿ ರಬ್ಬರಾಗುತ್ತದೆ. ಎಲೆಕ್ಟ್ರಿಕ್ ಕೆಟಲ್ ಬೇಡ. ನೀರು ಕುದಿದ ತಕ್ಷಣ ಅದು ತಾನೇ ಆಫ್ ಆಗುತ್ತದೆ, ಹಾಗಾಗಿ ನಿಮಿಷ ಎಣಿಸೋಕೆ ಆಗೋದಿಲ್ಲ. ಮೊಟ್ಟೆ ಒಡೆದರೆ ಒಳಗೆಲ್ಲ ಹಿಡಿದುಕೊಳ್ಳುತ್ತದೆ, ಅದರಲ್ಲೇ ಮತ್ತೆ ಚಹಾದ ನೀರು ಕಾಯಿಸಬೇಕಲ್ಲ.

ಈಗ ಎಲ್ಲರ ರೂಮಿನಲ್ಲೂ ಕಾಣುವ ಎಗ್ ಬಾಯ್ಲರ್ ಕೂಡ ಹಬೆಯ ಯಂತ್ರವೇ. ಅಳತೆ ಲೋಟದ ತಳದಲ್ಲಿ ಒಂದು ಪಿನ್ ಇರುತ್ತದೆ, ನೋಡಿರಬಹುದು. ಅದರಿಂದ ದಪ್ಪ ತುದಿಗೆ ಚುಚ್ಚಿದರೆ ಒಳಗಿನ ಗಾಳಿ ಹಿಗ್ಗಿದಾಗ ಹೊರಗೆ ಹೋಗಲು ದಾರಿ ಸಿಗುತ್ತದೆ, ಒಡೆಯೋದು ಕಮ್ಮಿಯಾಗುತ್ತದೆ. ಗಡಿಯಾರದ ಬದಲು ನೀರಿನ ಅಳತೆಯೇ ಅದರ ಲೆಕ್ಕ. ನೀರು ಆರಿದಾಗ ಬೆಂತು ಅಂತ ಅರ್ಥ.

ವಾಸನೆಯ ವಿಷಯ ಹೇಳಲೇಬೇಕು. ಪುಣೆಯಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಅನ್ನುವ ಮನೆಗಳು ಇವೆ. ಅಂಥ ಕಡೆ ಒಪ್ಪಿ ಸೇರಿದ ಮೇಲೆ ಮೊಟ್ಟೆ ಬೇಯಿಸಬೇಡಿ, ಮಾತು ಮಾತೇ. ಬೇರೆ ಕಡೆಯೂ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂದರೆ ಸಮಯ ಮೀರಿಸಬೇಡಿ. ಜಾಸ್ತಿ ಬೆಂದಾಗ ಬಿಳಿ ಭಾಗದಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಆ ನಾತ ಅದರದ್ದೇ. ಅದೇ ಗಾಳಿ ಹಳದಿಯ ಕಬ್ಬಿಣದ ಜೊತೆ ಸೇರಿ ಹಳದಿಯ ಸುತ್ತ ಹಸಿರು ಬೂದು ಬಣ್ಣದ ಉಂಗುರ ಮಾಡುತ್ತದೆ. ತಿಂದರೆ ಏನೂ ಆಗೋದಿಲ್ಲ. ಆದರೆ ಉಂಗುರ ಕಂಡರೆ ಮುಂದಿನ ಸಲ ಒಂದೆರಡು ನಿಮಿಷ ಕಮ್ಮಿ ಮಾಡಿ, ಬೇಗ ತಣ್ಣಗಾಗಿಸಿ. ಹಾಗೆಯೇ, ಪಕ್ಕದ ಮನೆಯ ಕಾಕು ಪ್ರೀತಿಯಿಂದ ಕೊಟ್ಟ ಮೋದಕ ಪಾತ್ರೆಯಲ್ಲಿ ಮೊಟ್ಟೆ ಬೇಯಿಸಬೇಡಿ. ಹಬೆಗೆ ಅದು ಬಹಳ ಒಳ್ಳೆಯ ಪಾತ್ರೆ, ಆದರೆ ಗಣಪತಿಯ ನೈವೇದ್ಯ ಆಗೋದು ಅದರಲ್ಲಿ. ನನ್ನ ಮನೆಯಲ್ಲೂ ಮೊಟ್ಟೆಗೆ ಅಂತ ಬೇರೆ ಇಡ್ಲಿ ಪಾತ್ರೆ ಇದೆ, ತುಳಶೀಬಾಗಿನ ಪಾತ್ರೆ ಅಂಗಡಿಯಿಂದ ತಂದದ್ದು. ವ್ರತ ಮಾಡುವವರಿಗೂ ನಾನು ಡಬ್ಬಿ ಕೊಡುತ್ತೇನೆ, ಅವರ ನಂಬಿಕೆ ಉಳಿಸೋದು ನನ್ನ ಜವಾಬ್ದಾರಿ.

ತಣ್ಣಗಾಗಿಸಿ ಸುಲಿಯುವುದು

ಸಮಯ ಆದ ತಕ್ಷಣ ಮೊಟ್ಟೆಗಳನ್ನು ಐಸ್ ಹಾಕಿದ ನೀರಿಗೆ ಹಾಕಿ. ಒಲೆ ಆರಿಸಿದರೂ ಮೊಟ್ಟೆಯ ಒಳಗಿನ ಬಿಸಿ ಬೇಯಿಸುತ್ತಲೇ ಇರುತ್ತದೆ, ಅದನ್ನು ನಿಲ್ಲಿಸಬೇಕು. ಇನ್ನೊಂದು ಲಾಭ ಇದೆ. ದಪ್ಪ ತುದಿಯಲ್ಲಿ ಗಾಳಿ ಚೀಲ ಮಾಡಿದ ಚಪ್ಪಟೆ ಗುಳಿ, ಒಳಗಿನದು ಪೂರ್ತಿ ಗಟ್ಟಿಯಾಗುವ ಮುಂಚೆ ತಣ್ಣಗಾದರೆ ಸ್ವಲ್ಪ ತುಂಬಿಕೊಂಡು ದುಂಡಗಾಗುತ್ತದೆ. 15 ನಿಮಿಷ ಬಿಡಿ. ಐಸ್ ಇಲ್ಲದಿದ್ದರೆ ಮಡಕೆಯ ನೀರು ಹಾಕಿ, ಅದು ಬೆಚ್ಚಗಾದಾಗ ಚೆಲ್ಲಿ ಹೊಸದು ಹಾಕಿ. ಬೇಸಿಗೆಯಲ್ಲಿ ಟ್ಯಾಂಕಿನ ನಲ್ಲಿ ನೀರೇ ಬಿಸಿ ಇರುತ್ತದೆ, ಅದನ್ನು ನಂಬಬೇಡಿ.

ಸುಲಿಯುವಾಗ ದಪ್ಪ ತುದಿಯನ್ನು ಕಟ್ಟೆಗೆ ಒಮ್ಮೆ ಕುಟ್ಟಿ. ಅಲ್ಲಿ ಗಾಳಿ ಇದ್ದುದರಿಂದ ಸಿಪ್ಪೆ ಕುಸಿಯುತ್ತದೆ, ಬಿಳಿಗೆ ಪೆಟ್ಟಾಗೋದಿಲ್ಲ. ಆಮೇಲೆ ಅಂಗೈ ಕೆಳಗೆ ಹಗುರಾಗಿ ಉರುಳಿಸಿ, ನಡುವಿನ ಸುತ್ತ ಸಣ್ಣ ಸಣ್ಣ ಬಿರುಕು ಬರಲಿ. ಒತ್ತಬೇಡಿ. ಈಗ ದಪ್ಪ ತುದಿಯಲ್ಲಿ ಉಗುರಿಗೆ ಸಿಪ್ಪೆ ಮಾತ್ರ ಸಿಕ್ಕರೆ ನಿಲ್ಲಿಸಿ. ಕೆಳಗಿನ ತೆಳು ಪೊರೆಯೂ ಸಿಗಬೇಕು. ಎಲ್ಲವೂ ನಿಂತಿರೋದು ಈ ಪೊರೆಯ ಮೇಲೆ. ಅದನ್ನು ಹಿಡಿದು ಎಳೆದರೆ ಸಿಪ್ಪೆಯ ಚೂರುಗಳು ಅದಕ್ಕೇ ಅಂಟಿಕೊಂಡು ಉದ್ದಕ್ಕೆ ಬರುತ್ತವೆ. ಅದನ್ನು ಬಿಟ್ಟು ಬರೀ ಸಿಪ್ಪೆ ಕೆರೆದರೆ ಚೂರು ಚೂರಾಗಿ ಬರುತ್ತದೆ, ಕೊನೆಗೆ ಪೊರೆಯೂ ಬಿಳಿಯೂ ಒಟ್ಟಿಗೆ ಹರಿಯುತ್ತವೆ.

ನೀರು ತುಂಬಿದ ಬೋಗುಣಿಯೊಳಗೇ ಸುಲಿಯಿರಿ. ಪೊರೆ ಮತ್ತು ಬಿಳಿಯ ಸಂದಿಗೆ ನೀರು ನುಗ್ಗಿ ತಾನೇ ಬಿಡಿಸುತ್ತದೆ, ಸಣ್ಣ ಚೂರುಗಳು ತಳಕ್ಕೆ ಇಳಿಯುತ್ತವೆ. ಹಲ್ಲಿಗೆ ಸಿಪ್ಪೆ ಸಿಕ್ಕೋದಕ್ಕಿಂತ ಕಿರಿಕಿರಿ ಬೇರೆ ಇಲ್ಲ. ಒಂದು ಕಡೆ ಗಟ್ಟಿ ಹಿಡಿದಿದೆ ಅನ್ನಿಸಿದರೆ ಚಹಾ ಚಮಚ ಒದ್ದೆ ಮಾಡಿ, ಅದರ ಉಬ್ಬು ಬೆನ್ನು ಸಿಪ್ಪೆಯ ಕಡೆ ಇರುವಂತೆ ಪೊರೆಯ ಕೆಳಗೆ ತೂರಿಸಿ ಸುತ್ತ ಒಯ್ಯಿರಿ. ಮೊಟ್ಟೆಯ ದುಂಡಗೆ ಚಮಚದ ಗುಳಿ ಹೊಂದಿಕೊಳ್ಳುತ್ತದೆ. ಅವಸರ ಇದ್ದವರು ಸ್ಟೀಲ್ ಡಬ್ಬಿಗೆ ಮೊಟ್ಟೆ, ಕಾಲು ಡಬ್ಬಿ ನೀರು ಹಾಕಿ ಮುಚ್ಚಿ ಕುಲುಕುತ್ತಾರೆ. ಗಟ್ಟಿಯಾಗಿ ಬೆಂದ, ವಯಸ್ಸಾದ ಮೊಟ್ಟೆಗೆ ಅದೂ ಆಗುತ್ತದೆ. ಮೆದು ಹಳದಿಯ ಮೊಟ್ಟೆಗೆ ಬೇಡ, ಸೀಳುತ್ತದೆ.

ಇಷ್ಟಾದರೂ ಟ್ರೇಯಲ್ಲಿ ಒಂದೆರಡು ಅಂಟಿಕೊಳ್ಳುವವು ಇದ್ದೇ ಇರುತ್ತವೆ, ಯಾಕೆಂದರೆ ಒಂದೇ ಟ್ರೇಯಲ್ಲಿ ಎಲ್ಲವೂ ಒಂದೇ ದಿನದ ಮೊಟ್ಟೆ ಆಗಿರೋದಿಲ್ಲ. ಅವನ್ನು ಸುಮ್ನೆ ಕೆರೆಯುತ್ತ ಕೂರಬೇಡಿ. ಅರ್ಧಕ್ಕೆ ಕತ್ತರಿಸಿ, ಚಮಚದಲ್ಲಿ ಸಿಪ್ಪೆಯಿಂದ ತೋಡಿ ತೆಗೆದು, ಕೊಚ್ಚಿ, ಈರುಳ್ಳಿ, ಹಸಿಮೆಣಸು, ತೆಂಗಿನ ತುರಿ ಹಾಕಿ ಪಲ್ಯ ಮಾಡಿ. ಪಾವ್ ಜೊತೆ ಚೆನ್ನಾಗಿರುತ್ತದೆ.

ಸಾರಿಗೆ, ಡಬ್ಬಿಗೆ

ಸುಲಿದ ಮೊಟ್ಟೆಗೆ ಚಾಕುವಿನಿಂದ ಉದ್ದಕ್ಕೆ ಮೂರು ನಾಲ್ಕು ಗೀರು ಹಾಕಿ, ಹಳದಿ ತಾಗುವಷ್ಟು ಆಳ ಬೇಡ. ಸ್ವಲ್ಪ ಎಣ್ಣೆಯಲ್ಲಿ ಅರಿಶಿನ, ಮೆಣಸಿನ ಪುಡಿ, ಉಪ್ಪು ಹಾಕಿ ಮೊಟ್ಟೆ ಹೊರಳಾಡಿಸಿ. ಗೀರು ಇಲ್ಲದೆ ಹುರಿದರೆ ಒಳಗಿನ ಹಬೆಗೆ ಸಿಡಿಯುತ್ತದೆ. ಮೊಟ್ಟೆಯ ಮೈ ಒದ್ದೆ ಇದ್ದರೂ ಎಣ್ಣೆ ಹಾರುತ್ತದೆ, ಬಟ್ಟೆಯಲ್ಲಿ ಒರೆಸಿಯೇ ಹಾಕಿ. ನಮ್ಮ ಕಡೆಯ ಮಸಾಲೆಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಬೆಳ್ಳುಳ್ಳಿ, ಕಾಯಿ ಬೇಕು. ಗೀರಿನೊಳಗೆ ಮಸಾಲೆ ಇಳಿಯುತ್ತದೆ. ಮೊಟ್ಟೆಯನ್ನು ಕೊನೆಯ ಐದು ನಿಮಿಷಕ್ಕೆ ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ಅಲುಗಿಸಿ.

ಹೋಳು ಮಾಡಿ ಇಡಬೇಕಾದಾಗ ನಾನು ಚಾಕು ಬಳಸೋದಿಲ್ಲ, ಹೊಲಿಗೆಯ ಹೊಸ ದಾರವನ್ನು ಸುತ್ತಿ ಎರಡು ಕಡೆ ಎಳೆಯುತ್ತೇನೆ. ಹಳದಿ ಮೆತ್ತಿಕೊಳ್ಳದೆ ಚೊಕ್ಕಟವಾಗಿ ಎರಡಾಗುತ್ತದೆ. ಹಳದಿ ಒಂದು ಪಕ್ಕಕ್ಕೆ ಸರಿದಿದ್ದರೆ ಮೊಟ್ಟೆ ಹಳೆಯದು ಅಂತ ತಿಳಿಯಿರಿ. ಬಿಳಿ ತೆಳುವಾದಂತೆ ಹಳದಿಯನ್ನು ನಡುವೆ ಹಿಡಿದಿಡುವ ಶಕ್ತಿ ಕಮ್ಮಿಯಾಗುತ್ತದೆ.

ಬೆಂದ ಮೊಟ್ಟೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಮೇ ತಿಂಗಳ ಸೆಕೆಯಲ್ಲಿ ಒಂದೇ ಗಂಟೆ. ಬೇಯಿಸುವಾಗ ಸಿಪ್ಪೆಯ ರಕ್ಷಣೆ ಪದರ ಹೋಗಿರುತ್ತದೆ, ಹಾಗಾಗಿ ಹಸಿ ಮೊಟ್ಟೆಗಿಂತ ಬೆಂದದ್ದು ಬೇಗ ಕೆಡುತ್ತದೆ. ಸಿಪ್ಪೆ ಸಮೇತ ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಸುಲಿದದ್ದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸಿ. ಬೆಂದದ್ದೂ ಹಸಿಯದೂ ಬೆರೆತುಹೋದರೆ ಕಟ್ಟೆಯ ಮೇಲೆ ತಿರುಗಿಸಿ ನೋಡಿ. ಬೆಂದದ್ದು ಸಲೀಸಾಗಿ ಗಿರಗಿರ ತಿರುಗುತ್ತದೆ, ಹಸಿಯದು ಒಳಗಿನ ದ್ರವ ಹೊಯ್ದಾಡಿ ತಡವರಿಸುತ್ತದೆ.

ಆಫೀಸಿನ ಮೈಕ್ರೋವೇವ್ ಬಗ್ಗೆ ದಯವಿಟ್ಟು ಕೇಳಿ. ಇಡೀ ಮೊಟ್ಟೆಯನ್ನು, ಸುಲಿದದ್ದಾದರೂ ಸರಿ, ಅದರಲ್ಲಿ ಬಿಸಿ ಮಾಡಬೇಡಿ. ಹಳದಿಯೊಳಗೆ ಬಿಸಿ ಸಿಕ್ಕಿಕೊಂಡು, ಹೊರಗೆ ತೆಗೆದ ಮೇಲೂ, ಕಚ್ಚಿದ ಕ್ಷಣದಲ್ಲೂ ಸಿಡಿಯಬಹುದು. ಬಾಯಿ, ಕಣ್ಣು ಸುಟ್ಟುಕೊಳ್ಳುವ ಅಪಾಯ ನಿಜವಾಗಿ ಇದೆ. ಸಾರನ್ನು ಬಿಸಿ ಮಾಡಬೇಕಾದರೆ ಮೊಟ್ಟೆಯನ್ನು ಹೊರಗೆ ತೆಗೆದಿಡಿ ಅಥವಾ ನಾಲ್ಕು ಹೋಳು ಮಾಡಿ. ನನ್ನ ಡಬ್ಬಿಯ ಮುಚ್ಚಳದ ಮೇಲೆ ಬುಧವಾರ, ಭಾನುವಾರ ಈ ಮಾತನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತೇನೆ.

ಸಿಪ್ಪೆ ಬಿಸಾಡಬೇಡಿ. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ತೊಳೆದು, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಬಾಲ್ಕನಿಯ ಕರಿಬೇವು, ಗುಲಾಬಿ ಕುಂಡದ ಮಣ್ಣಿಗೆ ಒಂದೆರಡು ಚಮಚ ಬೆರೆಸಿ. ದೊಡ್ಡ ಚೂರುಗಳನ್ನು ಹಾಗೇ ಹಾಕಿದರೆ ತಿಂಗಳುಗಟ್ಟಲೆ ಮಣ್ಣಲ್ಲಿ ಕರಗದೆ ಉಳಿಯುತ್ತವೆ.